ಯಾವ ಮಾತಿನಲ್ಲಿ ಅಳಲಿ

ಹೊಳೆಯ ದಂಡೆಯ ಮೇಲೆ ನೀಲಗಂಗವ್ವನ ಪಾಠಶಾಲೆಯಿತ್ತು. ಹುಲ್ಲಿನ ಸೂರು, ಮಣ್ಣಿನ ಗೋಡೆ. ಕಲಿಯುವವರು ಇಪ್ಪತ್ತಮೂರು ಜನ. ಕೆಲವರು ಬೆಟ್ಟದಿಂದ ಇಳಿದು ಬಂದವರು, ಕೆಲವರು ತಾಂಡಾದಿಂದ ಬಂದವರು, ಕೆಲವರು ಮಗ್ಗ ಬಿಟ್ಟು ಬಂದವರು. ಎಲ್ಲರೂ ಆಕೆಯನ್ನು ಅವ್ವ ಎನ್ನುತ್ತಿದ್ದರು.

ಅವರಲ್ಲಿ ಹಿರಿಯ ಶಿಷ್ಯ ಕಲ್ಲಿನಾಥ. ಹತ್ತು ವರ್ಷದಿಂದ ಅಲ್ಲಿದ್ದವನು. ಓದಿದ್ದನ್ನು ಮರೆಯುತ್ತಿರಲಿಲ್ಲ. ಮರೆಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಒಂದು ದಿನ ಅವನು ಬಂದು ನಿಂತ.

"ಅವ್ವಾ, ಒಂದು ಪದ್ಯಕ್ಕೆ ನಾಲ್ಕು ದಿನ ಆಯಿತು."

"ಹೌದಪ್ಪ."

"ನೀವು ಒಬ್ಬೊಬ್ಬರಿಗೂ ಅದನ್ನು ಅವರವರ ಮನೆಮಾತಿನಲ್ಲಿ ಹೇಳು ಅನ್ನುತ್ತೀರಿ. ಉಳಿದವರು ಕೂತು ಕೇಳಬೇಕು. ಬೇರೆ ಕಡೆ ಒಂದು ವರ್ಷಕ್ಕೆ ಮುಗಿಯುವ ಪಾಠ ನಮ್ಮಲ್ಲಿ ಮೂರು ವರ್ಷವಾದರೂ ಮುಗಿಯುವುದಿಲ್ಲ."

"ಮುಗಿಸಿ ಎಲ್ಲಿಗೆ ಹೋಗಬೇಕಾಗಿತ್ತು?"

ಕಲ್ಲಿನಾಥ ತಲೆಬಾಗಿ ತನ್ನ ಜಾಗಕ್ಕೆ ಹೋದ. ಆದರೆ ಒಪ್ಪಲಿಲ್ಲ.

ಅದೇ ವಾರ ನಾಡದೊರೆಯ ಕಾರಭಾರಿ ಕುದುರೆಯ ಮೇಲೆ ಬಂದ. ಜೊತೆಗೆ ನಾಲ್ವರು ಆಳುಗಳಿದ್ದರು. ಅವ್ವ ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು.

ಕಾರಭಾರಿ ಸೂರನ್ನು ನೋಡಿದ. ಒಂದು ಮೂಲೆಯಲ್ಲಿ ಆಕಾಶ ಕಾಣುತ್ತಿತ್ತು.

"ಅವ್ವನವರೇ, ದೊರೆಗಳಿಗೆ ನಿಮ್ಮ ಮೇಲೆ ಗೌರವ. ಇಲ್ಲಿ ಕಲ್ಲಿನ ಪಾಠಶಾಲೆ ಕಟ್ಟಿಸಿಕೊಡುತ್ತಾರೆ. ಓಲೆಗರಿಗಳನ್ನು ಇಡಲು ಗೆದ್ದಲು ಹತ್ತದ ಕೋಣೆ. ಇಡೀ ಸೀಮೆಗೆ ಇದೇ ದೊಡ್ಡ ಪಾಠಶಾಲೆ ಆಗುತ್ತದೆ."

"ಸಂತೋಷ."

"ಒಂದೇ ಮಾತು. ನಾಡು ಒಂದಾಗಿರಬೇಕು ಅನ್ನುವುದು ದೊರೆಗಳ ಆಸೆ. ಇಲ್ಲಿರುವವರೆಲ್ಲ ಒಂದೇ ಉಡುಪು ಉಡಬೇಕು. ಒಂದೇ ಪ್ರಾರ್ಥನೆ ಹೇಳಬೇಕು. ಅರಮನೆಯ ಮಾತು ಬಿಟ್ಟು ಬೇರೆ ಮಾತು ಈ ಅಂಗಳದಲ್ಲಿ ಕೇಳಿಸಬಾರದು. ಏಳು ದಿನ ಬಿಟ್ಟು ಬಂದು ನೋಡುತ್ತೇನೆ. ಹೊಂದಿಕೊಳ್ಳಲಾರದವರನ್ನು ಅವರವರ ಮನೆಗೆ ಕಳಿಸಿಬಿಡಿ."

ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕುದುರೆಗಳಿಗೆ ನೀರು ಕುಡಿಸಿ ಕಳಿಸಿದಳು.

ಕಾರಭಾರಿ ಹೋದ ಮೇಲೆ ಕಲ್ಲಿನಾಥನ ಮುಖ ಬೆಳಗುತ್ತಿತ್ತು.

"ಅವ್ವಾ, ನಾನು ಎಲ್ಲರನ್ನೂ ತಯಾರು ಮಾಡುತ್ತೇನೆ. ಯಾರನ್ನೂ ಕಳಿಸಬೇಕಾಗಿಲ್ಲ. ಏಳು ದಿನ ಸಾಕು."

ಅವ್ವ ಅವನ ಕಡೆ ತಿರುಗಿದಳು.

"ನಿನಗೆ ಸರಿ ಅನ್ನಿಸಿದೆಯೇ?"

"ಸರಿ ಅನ್ನಿಸಿದೆ."

"ಹಾಗಾದರೆ ನೀನೇ ಮಾಡು."

ಮರುದಿನದಿಂದ ಅವ್ವ ಹಿಂದಿನ ಸಾಲಿನಲ್ಲಿ ಕೂತಳು. ಕಲ್ಲಿನಾಥ ಮುಂದೆ ಕೂತ.

ಅವನು ಕ್ರೂರಿಯಲ್ಲ. ಯಾರಿಗೂ ಹೊಡೆಯಲಿಲ್ಲ, ಬೈಯಲಿಲ್ಲ. ಮನೆಮಾತು ಬಾಯಿಗೆ ಬಂದರೆ ಕೈಯೆತ್ತಿ ತಡೆಯುತ್ತಿದ್ದ, ಅಷ್ಟೇ. ಬೆಟ್ಟದ ಕೇತ ನಗುವಾಗ ತನ್ನವರ ಹಾಗೆ ನಾಲಿಗೆ ಲೊಚಗುಟ್ಟುತ್ತಿದ್ದ. ಅದೂ ಬೇಡ ಎಂದ ಕಲ್ಲಿನಾಥ. ಕೇತ ನಗುವುದನ್ನು ಬಿಟ್ಟ.

ತಾಂಡಾದ ಸೋಮ್ಲಿಗೆ ಇಪ್ಪತ್ತು ವರ್ಷ. ಅವಳು ಕನ್ನಡಿ ಹೊಲಿದ ಲಂಗವನ್ನು ಮಡಿಸಿಟ್ಟು ಬಿಳಿ ಸೀರೆ ಉಟ್ಟಳು. ತೋಳಿನ ಬಳೆ ತೆಗೆದಳು. ರಾಗಿ ಬೀಸುವಾಗ ಹಾಡುತ್ತಿದ್ದವಳು ಸುಮ್ಮನೆ ಬೀಸಿದಳು. ಎಲ್ಲರಿಗಿಂತ ಮೊದಲು ಪ್ರಾರ್ಥನೆ ಬಾಯಿಪಾಠ ಮಾಡಿದವಳೂ ಅವಳೇ. ಒಂದು ಅಕ್ಷರ ತಪ್ಪಲಿಲ್ಲ.

ಐದನೆಯ ದಿನ ಪಾಠ ಮುಗಿದ ಮೇಲೆ ಕಲ್ಲಿನಾಥ ಹೇಳಿದ:

"ನೋಡಿದಿರಾ ಅವ್ವಾ? ಎಷ್ಟು ಶಾಂತವಾಗಿದೆ."

"ಶಾಂತವಾಗಿದೆ," ಎಂದಳು ಅವ್ವ. "ಹೆಣವಿಟ್ಟ ಮನೆಯೂ ಹೀಗೇ ಇರುತ್ತದೆ."

ಆರನೆಯ ದಿನ ಮಧ್ಯಾಹ್ನ ತಾಂಡಾದಿಂದ ಸೋಮ್ಲಿಯ ಸೋದರಮಾವ ಬಂದ. ಅಂಗಳದ ಆಚೆ ನಿಂತು ಅವಳನ್ನು ಕರೆದ. ಅವಳ ತಾಯಿ ತೀರಿಹೋಗಿ ಮೂರು ದಿನವಾಗಿತ್ತು. ದಾರಿಯಲ್ಲಿ ಹಳ್ಳ ತುಂಬಿ ಅವನು ಬರುವುದು ತಡವಾಗಿತ್ತು. ಮಣ್ಣು ಮಾಡಿ ಆಗಿತ್ತು.

ಸೋಮ್ಲಿ ಕೇಳಿಸಿಕೊಂಡಳು. ಒಳಗೆ ಬಂದಳು. ತನ್ನ ಜಾಗದಲ್ಲಿ ಕೂತಳು. ಕೈ ಜೋಡಿಸಿಕೊಂಡು ನೆಟ್ಟಗೆ ಕೂತಳು.

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಲ್ಲಿನಾಥ ಪಾಠ ನಿಲ್ಲಿಸಿದ. ಅವಳ ಹತ್ತಿರ ಬಂದು ಬಗ್ಗಿದ.

"ಸೋಮ್ಲಿ, ತಂಗೀ... ಅತ್ತುಬಿಡು. ಒಳಗೆ ಇಟ್ಟುಕೊಳ್ಳಬೇಡ."

ಅವಳು ತಲೆಯೆತ್ತಿದಳು.

"ಯಾವ ಮಾತಿನಲ್ಲಿ ಅಳಲಿ, ಅಣ್ಣಾ?"

ಅದು ಚುಚ್ಚುಮಾತಲ್ಲ. ಅವಳು ನಿಜವಾಗಿ ಅಪ್ಪಣೆ ಕೇಳುತ್ತಿದ್ದಳು.



ಕಲ್ಲಿನಾಥನಿಗೆ ಗೊತ್ತಿತ್ತು. ತಾಂಡಾದ ಹೆಂಗಸರು ಸುಮ್ಮನೆ ಕಣ್ಣೀರು ಹಾಕುವವರಲ್ಲ. ಒಬ್ಬರನ್ನೊಬ್ಬರು ತಬ್ಬಿಕೊಂಡು, ಹೋದವರ ಗುಣಗಳನ್ನು ಒಂದೊಂದಾಗಿ ಕರೆದು, ರಾಗವೆತ್ತಿ ಅಳುತ್ತಾರೆ. ಆ ಅಳುವಿಗೆ ಬೇಕಾದ ಒಂದು ಪದವೂ ಅವನು ಕಲಿಸಿದ ಮಾತಿನಲ್ಲಿರಲಿಲ್ಲ.

ಹಿಂದಿನ ಸಾಲಿನಿಂದ ಅವ್ವ ಎದ್ದಳು. ಎಪ್ಪತ್ತರ ಮುದುಕಿ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಂದಳು. ಸೋಮ್ಲಿಯ ಎದುರು ಕೂತು, ಎರಡೂ ಕೈ ಅವಳ ಕೊರಳಿಗೆ ಹಾಕಿ, ಅವಳ ಹೆಗಲ ಮೇಲೆ ತನ್ನ ತಲೆಯಿಟ್ಟಳು.

"ಯಾಡಿ," ಎಂದಳು ಅವ್ವ. ತಾಂಡಾದವರ ಮಾತಿನಲ್ಲಿ ತಾಯಿ.

ರಾಗ ತಪ್ಪಾಗಿತ್ತು. ಅವ್ವನ ಒಡಕು ದನಿಗೆ ಅದು ಹತ್ತಲಿಲ್ಲ. ಆದರೂ ಮತ್ತೆ ಎತ್ತಿದಳು.

"ಯಾಡಿಯೇ..."

ಮೂರನೆಯ ಸಲ ಸೋಮ್ಲಿ ಅದನ್ನು ತಿದ್ದಿದಳು. ತಿದ್ದಲು ಹೋಗಿ ಅವಳ ದನಿ ಒಡೆಯಿತು. ಒಡೆದ ಮೇಲೆ ನಿಲ್ಲಲಿಲ್ಲ. ಅಂಗಳದಾಚೆ ಅವಳ ಸೋದರಮಾವ ಮುಖ ಮುಚ್ಚಿಕೊಂಡು ಕುಸಿದು ಕೂತ.

ಪಾಠಶಾಲೆಯಲ್ಲಿ ಒಬ್ಬ ಅಜ್ಜನಿದ್ದ. ಎಲ್ಲಿಂದಲೋ ಹೊಳೆಯ ಗುಂಟ ನಡೆದುಬಂದು ಎರಡು ವರ್ಷದಿಂದ ಅಲ್ಲೇ ಉಳಿದಿದ್ದವನು. ಅವನ ಮಾತು ಅಲ್ಲಿ ಯಾರಿಗೂ ತಿಳಿಯದು. ಅವನು ಎದ್ದು ಬಂದು ಸೋಮ್ಲಿಯ ನೆತ್ತಿಯ ಮೇಲೆ ಕೈಯಿಟ್ಟು ಏನೋ ಹೇಳಿದ. ಯಾರೂ ಅರ್ಥ ಕೇಳಲಿಲ್ಲ.

ಸಂಜೆ ಕಲ್ಲಿನಾಥ ಅವ್ವನ ಕಾಲ ಬಳಿ ಕೂತ.

"ತಪ್ಪು ಮಾಡಿದೆ, ಅವ್ವಾ."

"ಅರ್ಧ ನಿನ್ನದು. ಮಾಡು ಅಂದವಳು ನಾನು. ಇನ್ನರ್ಧ ನನ್ನದು."

"ನಾಳೆ ಕಾರಭಾರಿ ಬರುತ್ತಾನೆ. ನಾನೇ ಮಾತಾಡುತ್ತೇನೆ. ಇವರೆಲ್ಲ ಹೀಗೇ ಇರಬೇಕು ಅಂತ ಅವನನ್ನು ಒಪ್ಪಿಸುತ್ತೇನೆ."

"ಒಪ್ಪಿಸುತ್ತೀಯಾ?" ಎಂದಳು ಅವ್ವ.

ಏಳನೆಯ ದಿನ ಕಾರಭಾರಿ ಬಂದ. ಈ ಸಲ ಇಪ್ಪತ್ತು ಆಳುಗಳಿದ್ದರು. ಅಂಗಳದಲ್ಲಿ ಎಲ್ಲರೂ ತಮ್ಮ ತಮ್ಮ ಉಡುಪಿನಲ್ಲೇ ನಿಂತಿದ್ದರು. ಸೋಮ್ಲಿ ತಾಂಡಾಕ್ಕೆ ಹೋಗಿರಲಿಲ್ಲ. ಇದನ್ನು ಮುಗಿಸಿಯೇ ಹೋಗುತ್ತೇನೆ ಎಂದಿದ್ದಳು. ಕನ್ನಡಿ ಲಂಗ ಉಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದಳು.

ಕಾರಭಾರಿಯ ಹುಬ್ಬು ಗಂಟಾಯಿತು.

ಕಲ್ಲಿನಾಥ ಮುಂದೆ ಬಂದು ಕೈಮುಗಿದ.

"ಒಡೆಯರೇ, ಇವರನ್ನು ಹೀಗೇ ಬಿಟ್ಟರೆ ದೊರೆಗಳಿಗೇ ಲಾಭ. ಈ ಸೋಮ್ಲಿಗೆ ದನಕರುಗಳ ರೋಗ ಗೊತ್ತು. ಔಷಧಿಯ ಹೆಸರೆಲ್ಲ ಅವಳ ಮಾತಿನಲ್ಲೇ ಇವೆ. ಕೇತನಿಗೆ ಕಾಡಿನ ದಾರಿಗಳು ಗೊತ್ತು. ಆ ಮಗ್ಗದವರಿಗೆ ಬೇರೆ ಯಾರಿಗೂ ಬಾರದ ಬಣ್ಣ ಹಾಕಲು ಬರುತ್ತದೆ. ಇವರ ಮಾತು ಹೋದರೆ ಈ ವಿದ್ಯೆಗಳೂ ಹೋಗುತ್ತವೆ."

ಕಾರಭಾರಿ ಗಡ್ಡ ಸವರಿಕೊಂಡ. ಅವನು ದಡ್ಡನಲ್ಲ.

"ಇದು ಸರಿಯಾದ ಮಾತು. ಉಪಯೋಗ ಇರುವವರು ಇರಲಿ. ದೊರೆಗಳಿಗೆ ನಾನು ಹೇಳುತ್ತೇನೆ."

ಕಲ್ಲಿನಾಥನಿಗೆ ಉಸಿರು ಬಂದಂತಾಯಿತು.

ಕಾರಭಾರಿ ಸಾಲನ್ನು ನೋಡುತ್ತ ನಡೆದ. ಅಜ್ಜನ ಮುಂದೆ ನಿಂತ.

"ಈ ಮುದುಕನಿಗೆ ಏನು ಗೊತ್ತು?"

ಕಲ್ಲಿನಾಥ ತಡವರಿಸಿದ.

"ಇವನು... ಇವನ ಮಾತು ನಮಗಿನ್ನೂ ತಿಳಿದಿಲ್ಲ."

"ಕೆಲಸ?"

"ಹೊಳೆ ದಂಡೆಯಲ್ಲಿ ಕೂತಿರುತ್ತಾನೆ. ಪಾಠ ಕೇಳುತ್ತಾನೆ."

"ಹಾಗಾದರೆ ಇವನು ಬೇಡ. ಆ ಮೂಲೆಯ ಇಬ್ಬರು?"

ಕಲ್ಲಿನಾಥ ಆ ಇಬ್ಬರನ್ನು ನೋಡಿದ. ಅವರ ಪರವಾಗಿ ಏನು ಹೇಳುವುದೆಂದು ಹುಡುಕಿದ. ಹುಡುಕುತ್ತಿರುವಾಗಲೇ ತಾನು ಏನು ಮಾಡುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಿತು.

"ಕಲ್ಲಿನಾಥ," ಅವ್ವ ಕರೆದಳು.

"ಅವ್ವಾ."

"ನೀನು ಇಲ್ಲಿಗೆ ಬಂದ ದಿನ, ನಿನ್ನಿಂದ ಏನು ಉಪಯೋಗ ಅಂತ ಕೇಳಿದ್ದೆನೇ?"

"ಇಲ್ಲ."

"ಕೇಳಿದ್ದರೆ?"

"ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ."

"ಹಾಗಾದರೆ ಇವರನ್ನು ಯಾಕೆ ತಕ್ಕಡಿಗೆ ಹಾಕುತ್ತೀಯ?"

ಅವ್ವ ಕಾರಭಾರಿಯ ಕಡೆ ತಿರುಗಿದಳು.

"ನೀವು ಕಲ್ಲು ತರಬೇಡಿ, ಒಡೆಯರೇ. ಇಲ್ಲಿ ಇಪ್ಪತ್ತಮೂರು ಜನ ಇದ್ದಾರೆ. ಇಪ್ಪತ್ತಮೂರು ಜನವೂ ಇರುತ್ತಾರೆ. ಯಾಕೆ ಅಂತ ಕೇಳಬೇಡಿ. ಬಂದಿದ್ದಾರೆ, ಅದಕ್ಕೆ."

"ನಾಡು ಒಂದಾಗುವುದು ನಿಮಗೆ ಬೇಡವೇ?"

"ಹೆದರಿದವರೆಲ್ಲ ಒಂದೇ ಥರ ಮಾತಾಡುತ್ತಾರೆ. ನೀವು ಅದನ್ನೇ ಒಗ್ಗಟ್ಟು ಅಂದುಕೊಂಡಿದ್ದೀರಿ."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಕಾರಭಾರಿಯ ಕುತ್ತಿಗೆ ಕೆಂಪಾಯಿತು.

"ಈ ದಂಡೆ ದೊರೆಗಳದ್ದು. ಹೊತ್ತು ಮುಳುಗುವುದರೊಳಗೆ ಖಾಲಿ ಮಾಡಿ. ಒಪ್ಪಿಕೊಂಡವರು ಮಾತ್ರ ಉಳಿಯಲಿ. ಅವರಿಗೆ ಕಲ್ಲಿನ ಪಾಠಶಾಲೆ ಕಟ್ಟಿಯೇ ತೀರುತ್ತೇನೆ. ಬೇರೆ ಗುರುವನ್ನು ತರುತ್ತೇನೆ."

"ಆಗಲಿ."

ಅವ್ವ ಒಳಗೆ ಹೋಗಿ ಓಲೆಗರಿಯ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಬಂದಳು. ನೇರವಾಗಿ ಹೊಳೆಗೆ ಇಳಿದಳು.

ಹೊಳೆಯ ನಡುವೆ ಒಂದು ಮರಳದಿಣ್ಣೆ ಎದ್ದಿತ್ತು. ಹೋದ ವರ್ಷ ಇರಲಿಲ್ಲ. ಮುಂದಿನ ವರ್ಷ ಇರುತ್ತದೋ ಇಲ್ಲವೋ. ಯಾವ ದೊರೆಯ ದಫ್ತರದಲ್ಲೂ ಅದರ ಹೆಸರಿರಲಿಲ್ಲ.

ಸೋಮ್ಲಿ ಅಜ್ಜನ ಕೈ ಹಿಡಿದು ನೀರಿಗೆ ಇಳಿಸಿದಳು. ಅವಳ ಲಂಗ ನೆನೆದು ಭಾರವಾಯಿತು. ಅವಳ ಹಿಂದೆ ಮಗ್ಗದವರು, ಅವರ ಹಿಂದೆ ಮೂಲೆಯ ಇಬ್ಬರು. ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ ಬಂತು. ಒಬ್ಬಳು ಜಾರಿದಳು, ಹಿಂದಿನವನು ರಟ್ಟೆ ಹಿಡಿದ. ಯಾರೋ ತಮ್ಮ ಮಾತಿನಲ್ಲಿ ಹೊಳೆಯನ್ನು ಜೋರಾಗಿ ಬೈದರು. ಏಳು ದಿನಗಳಲ್ಲಿ ಮೊದಲ ಸಲ ಎಲ್ಲರೂ ನಕ್ಕರು.

ಕಾರಭಾರಿ ತಡೆಯಿರಿ ಎನ್ನಲಿಲ್ಲ. ತಡೆಯಲು ಅವನಿಗೆ ಕಾರಣ ಸಿಗಲಿಲ್ಲ. ದಂಡೆ ಖಾಲಿ ಮಾಡಿ ಎಂದವನು ಅವನೇ.

ಕೊನೆಯಲ್ಲಿ ನೀರಿಗಿಳಿದವನು ಕಲ್ಲಿನಾಥ. ತಿರುಗಿ ನೋಡಿದಾಗ ಕೇತ ದಂಡೆಯ ಮೇಲೇ ನಿಂತಿದ್ದ. ಬಗಲಲ್ಲಿ ಗಂಟು ಇತ್ತು. ಒಂದು ಕಾಲು ನೀರಿನಲ್ಲಿತ್ತು, ಒಂದು ಕಾಲು ಮಣ್ಣಿನ ಮೇಲಿತ್ತು.

"ಬಾ ಕೇತ!"

ಕೇತ ಬೆಟ್ಟದ ಕಡೆ ನೋಡಿದ. ಅವನ ತಾಯಿ, ಅಣ್ಣತಮ್ಮಂದಿರು ದೊರೆಯ ಕಾಡಿನಲ್ಲಿ ಜೇನು ಕಿತ್ತು ಬದುಕುತ್ತಿದ್ದರು. ದೊರೆ ಬೇಡ ಎಂದರೆ ಅವರು ಆ ಕಾಡಿಗೆ ಕಾಲಿಡುವಂತಿರಲಿಲ್ಲ.

ಅವನು ನೀರಿನಲ್ಲಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

ದಿಣ್ಣೆಯ ಮೇಲಿಂದ ಅವ್ವ ಕೈಯೆತ್ತಿದಳು. ಕರೆಯಲಿಲ್ಲ. ಮನೆಗೆ ಹೊರಟ ಮಗನಿಗೆ ಎತ್ತುವ ಹಾಗೆ ಎತ್ತಿದಳು. ಕೇತನೂ ಕೈಯೆತ್ತಿದ. ಆಮೇಲೆ ಮುಖ ತಿರುಗಿಸಿ ಆಳುಗಳ ಕಡೆ ನಡೆದ.

ಮರಳಿನ ಮೇಲೆ ಎಲ್ಲರೂ ಒದ್ದೆ ಬಟ್ಟೆಯಲ್ಲೇ ಕೂತರು. ಬಿಸಿಲಿತ್ತು. ಆಚೆ ದಂಡೆಯಲ್ಲಿ ಆಳುಗಳು ಹುಲ್ಲಿನ ಸೂರನ್ನು ಕಿತ್ತು ಎಸೆಯುವುದು ಕಾಣುತ್ತಿತ್ತು. ಅವ್ವ ಓಲೆಗರಿ ಬಿಚ್ಚಿ, ನಾಲ್ಕು ದಿನ ಹಿಡಿದಿದ್ದ ಆ ಪದ್ಯವನ್ನು ಅಜ್ಜನ ಮುಂದೆ ಓದಿದಳು. ನಿನ್ನ ಮಾತಿನಲ್ಲಿ ಹೇಳು ಎಂದು ಕೈಸನ್ನೆ ಮಾಡಿದಳು. ಅಜ್ಜ ಕಣ್ಣು ಮುಚ್ಚಿ ಶುರು ಮಾಡಿದ.

ಕಲ್ಲಿನಾಥನಿಗೆ ಕೂರಲು ಆಗಲಿಲ್ಲ.

"ಅವ್ವಾ, ಕೇತ ಬರಲಿಲ್ಲ."

"ನೋಡಿದೆ."

"ಹೆದರಿಬಿಟ್ಟ."

"ಅವನಿಗೆ ತಾಯಿ ಇದ್ದಾಳೆ. ಹೆದರಬಾರದೇ?"

ಕಲ್ಲಿನಾಥ ತಲೆ ತಗ್ಗಿಸಿದ. ಆಮೇಲೆ ಕೇಳಿದ:

"ಮತ್ತೆ ನಮ್ಮ ಹತ್ತಿರ ಬರುತ್ತಾನೆಯೇ?"

"ಬರುತ್ತಾನೆ. ಹತ್ತು ವರ್ಷವಾದರೂ ಬರುತ್ತಾನೆ."

"ಅಲ್ಲಿಯವರೆಗೆ ಅವನಿಗಾಗಿ ನಾನೇನು ಮಾಡಲಿ?"

ಅವ್ವ ಸೆರಗಿನ ನೀರು ಹಿಂಡಿದಳು.

"ನಾಳೆ ಬೆಟ್ಟ ಹತ್ತು. ಅವನ ತಾಯಿಯ ಹತ್ತಿರ ಕೂತು ಅವನ ಮಾತು ಕಲಿ. ಆ ಕಲ್ಲಿನ ಪಾಠಶಾಲೆಯಿಂದ ತಿರುಗಿ ಬರುವ ಹೊತ್ತಿಗೆ ಅವನಿಗೇ ಅದು ಮರೆತಿರುತ್ತದೆ, ಹೇಳಿಕೊಡುವವರು ಬೇಕಲ್ಲ."