ಹುಣಸೆ ವ್ಯಾಪಾರಿಯ ಕಾರು

"ಗುರುಗಳೇ, ಮರ್ಯಾದೆಗೆ ಅಂಜುವವನು ದೊಡ್ಡ ತಪ್ಪು ಮಾಡಲಾರ ಎನ್ನುತ್ತಾರೆ. ಅಂಥವನು ತನ್ನದೊಂದು ಸಣ್ಣ ಕೊರತೆಯನ್ನು ಮುಚ್ಚಿಟ್ಟುಕೊಂಡರೆ ಅದರಿಂದ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ. ಬೇರೆ ಯಾರದೋ ಪ್ರಶ್ನೆಯನ್ನು ಹೊತ್ತು ತಂದವನಂತೆ ನೆಲ ನೋಡುತ್ತ ಕೇಳಿದ.

ಗುರುಗಳು ಅವನ ತಗ್ಗಿದ ಮುಖವನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಅವನ ತಕ್ಕಡಿಯಲ್ಲಿ ಮೋಸವಿರಲಿಲ್ಲ, ಮಾತಿನಲ್ಲಿ ಒರಟುತನವಿರಲಿಲ್ಲ. ಆದರೆ ನಾಲ್ಕು ಜನರ ಎದುರು ಸಣ್ಣವನಾಗುವುದೆಂದರೆ ಅವನಿಗೆ ಪ್ರಾಣ ಹೋದಷ್ಟು ಸಂಕಟ. ಒಮ್ಮೆ ಅವನು ಜಿಲ್ಲಾ ಕೇಂದ್ರಕ್ಕೆ ಬೀಗರ ಕಡೆಯ ಮದುವೆಗೆ ಹೋಗಿದ್ದ. ಛತ್ರದ ಕಾವಲುಗಾರ ಅವನ ಹಳೆಯ ಜೀಪನ್ನು ನೋಡಿ, "ಅಡುಗೆ ಸಾಮಾನಿನ ಗಾಡಿ ಹಿಂದಿನ ಬಾಗಿಲಿಗೆ" ಎಂದು ಕೈ ತೋರಿಸಿದ. ಪಕ್ಕದಲ್ಲಿದ್ದ ಬೀಗರು ನಕ್ಕರು. ಅವನೂ ನಕ್ಕ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದ.

ಆರು ತಿಂಗಳಲ್ಲಿ ಅವನು ಒಂದು ಕಾರು ನೋಡಿದ. ಪಟ್ಟಣದ ಬಿಲ್ಡರೊಬ್ಬ ಹನ್ನೊಂದು ವರ್ಷ ಓಡಿಸಿ ಮಾರಾಟಕ್ಕಿಟ್ಟಿದ್ದ ದೊಡ್ಡ ವಿದೇಶಿ ಕಾರು. ಕಪ್ಪು ಬಣ್ಣ, ತೊಗಲಿನ ಸೀಟು. ಒಳಗೆ ಕೂತು ಬಾಗಿಲು ಹಾಕಿದರೆ ಹೊರಗಿನ ಸದ್ದು ಕೇಳುವುದಿಲ್ಲ. ಹೊಸದೊಂದು ಸಣ್ಣ ಕಾರಿನ ಬೆಲೆಗೆ ಸಿಗುತ್ತಿತ್ತು. ಕೊಳ್ಳುವ ಮೊದಲು ಅವನು ಊರಿನ ಮೆಕ್ಯಾನಿಕ್ ದಸ್ತಗೀರನನ್ನು ಕೇಳಿದ. ಇಪ್ಪತ್ತು ವರ್ಷ ಅವನ ಜೀಪನ್ನು ನೋಡಿಕೊಂಡು ಬಂದವನು ಆತ.

"ಬೇಡ ಸಾವ್ಕಾರ್ರೇ" ಎಂದ ದಸ್ತಗೀರ. "ಇದಕ್ಕೆ ಏನಾಗಿದೆ ಅಂತ ತಿಳೀಬೇಕಾದ್ರೂ ಕಂಪ್ಯೂಟರ್ ಹಚ್ಚಿ ನೋಡಬೇಕು. ಅದು ನನ್ನ ಹತ್ರ ಇಲ್ಲ. ಇದರ ಶೋರೂಮು ಇರೋದು ಮುನ್ನೂರು ಕಿಲೋಮೀಟರ್ ಆಚೆ. ಕೊಳ್ಳೋದು ಒಂದು ದಿನದ ಕೆಲಸ. ಸಾಕೋದು ದಿನಾ ಇರೋ ಕೆಲಸ."

ವ್ಯಾಪಾರಿ ತಲೆಯಾಡಿಸಿದ. ವಾರ ಕಳೆದು ಜೀಪನ್ನು ಮಾರಿ ಅದೇ ಕಾರನ್ನು ಊರೊಳಗೆ ತಂದ. ಹೆದ್ದಾರಿಯ ಬದಿಯಲ್ಲಿದ್ದ ದಸ್ತಗೀರನ ಗ್ಯಾರೇಜನ್ನು ಹಾದು ಬರುವಾಗ ಗಾಜು ಏರಿಸಿಕೊಂಡ.

ನಾಲ್ಕು ತಿಂಗಳು ಎಲ್ಲ ಚೆನ್ನಾಗಿತ್ತು. ಅವನು ಇನ್ನೆರಡು ಮದುವೆಗಳಿಗೆ ಹೋಗಿ ಮುಂದಿನ ಬಾಗಿಲಲ್ಲೇ ಇಳಿದ. ಐದನೆಯ ತಿಂಗಳು ಒಂದು ಬೆಳಿಗ್ಗೆ ನೋಡಿದರೆ ಕಾರು ಮುಂಗಾಲು ಮಡಿಸಿದ ಎತ್ತಿನಂತೆ ಮುಂದಕ್ಕೆ ಕುಸಿದು ಕೂತಿತ್ತು. ಅದರ ಸ್ಪ್ರಿಂಗು ಕಬ್ಬಿಣದ್ದಲ್ಲ, ಗಾಳಿಯದು. ಗಾಳಿ ಸೋರಿಹೋಗಿತ್ತು. ಶೋರೂಮಿಗೆ ಫೋನು ಮಾಡಿದಾಗ, ಬಿಡಿಭಾಗ ಹೊರದೇಶದಿಂದ ಬರಬೇಕು, ಕಾರನ್ನು ಇಲ್ಲಿಗೇ ತರಬೇಕು ಎಂದರು. ಅವನು ಲಾರಿ ಕರೆಸಿ, ಕಾರಿನ ಮೇಲೆ ಟಾರ್ಪಾಲು ಹೊದಿಸಿ, ಊರು ಏಳುವ ಮೊದಲೇ ಸಾಗಿಸಿದ. ಕೇಳಿದವರಿಗೆ "ಸರ್ವೀಸಿಗೆ ಹೋಗಿದೆ" ಎಂದ.

ಕಾರು ಎರಡು ತಿಂಗಳ ಮೇಲೆ ಬಂತು. ಬಂದು ಮೂರು ವಾರವಾಗುವಷ್ಟರಲ್ಲಿ ಗೇರು ಜಗ್ಗತೊಡಗಿತು. ಮೀಟರಿನ ಪಕ್ಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಏಕೆಂದು ಯಾರಿಗೂ ತಿಳಿಯಲಿಲ್ಲ. ಮತ್ತೆ ಲಾರಿ ಕರೆಸುವ ಧೈರ್ಯ ಅವನಿಗಿರಲಿಲ್ಲ. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ಹಾಕಿಕೊಂಡು ಸ್ಟಾರ್ಟ್ ಮಾಡಿ ನೋಡುತ್ತಿದ್ದ. ಸ್ಟಾರ್ಟ್ ಆದ ದಿನ ಪೇಟೆಬೀದಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದ. ಆಗದಿದ್ದ ದಿನ, ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಹೇಳಿಕೊಂಡು ತನ್ನ ಹುಣಸೆ ಮಂಡಿಗೆ ನಡೆದೇ ಹೋಗುತ್ತಿದ್ದ. ಯುಗಾದಿಯ ಹೊತ್ತಿಗೆ ಕಾರು ಪೂರ್ತಿ ನಿಂತಿತು. ಬ್ಯಾಟರಿ ಸತ್ತ ಮೇಲೆ ಗೇರೂ ಬಿಡಲಿಲ್ಲ, ತಳ್ಳಿದರೆ ಚಕ್ರವೂ ಉರುಳಲಿಲ್ಲ. ಅಂದಿನಿಂದ ಅವನು ದಿನವೂ ನಡೆದ. ಭಾನುವಾರ ಮಾತ್ರ ಶೆಡ್ಡಿನ ಬಾಗಿಲನ್ನು ಬೀದಿಗೆ ಕಾಣುವಂತೆ ಅರ್ಧ ತೆರೆದು, ಕಾರನ್ನು ಒರೆಸುತ್ತ ನಿಲ್ಲುತ್ತಿದ್ದ.

ದಸ್ತಗೀರನಿಗೆ ಹೇಳಿಕಳಿಸಿದ್ದರೆ ಆತ ತನಗೆ ತಿಳಿದಷ್ಟು ನೋಡುತ್ತಿದ್ದ. ನಾನು ಅವತ್ತೇ ಹೇಳಿದ್ದೆನಲ್ಲ ಎಂದು ಚುಚ್ಚುವ ಮನುಷ್ಯ ಆತನಲ್ಲ. ಆದರೆ ಏನೂ ಅನ್ನದೆ ಬಾನೆಟ್ ಎತ್ತುವ ಆ ಮುಖವನ್ನು ನೋಡುವುದೇ ವ್ಯಾಪಾರಿಗೆ ಆಗದ ಕೆಲಸವಾಗಿತ್ತು.

ಎದುರುಮನೆಯಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಬನಕ್ಕ ದಿನವಿಡೀ ಬಾಗಿಲಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುವಳು, ಹೋಗಿ ಬರುವವರನ್ನೆಲ್ಲ ಮಾತಾಡಿಸುವಳು. ವ್ಯಾಪಾರಿ ನಡೆದು ಹೊರಟರೆ, "ಏನಣ್ಣಾ, ಕಾರಿಗೆ ಇವತ್ತೂ ರಜಾನಾ?" ಎಂದು ನಗುವಳು.

ಕಾರಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಮಧ್ಯಾಹ್ನ ಬನಕ್ಕ ರಾಟೆಯ ಮೇಲೆಯೇ ಒರಗಿಬಿಟ್ಟಳು. ಬಾಯಿ ಸೊಟ್ಟಗಾಗಿತ್ತು. ಊರಿನ ನರ್ಸು ಬಂದು ನೋಡಿ, "ಲಕ್ವ ಹೊಡೆದಿದೆ. ದೊಡ್ಡಾಸ್ಪತ್ರೆಗೆ ಒಯ್ಯಿರಿ, ತಡ ಮಾಡಬೇಡಿ" ಎಂದಳು. ಆಸ್ಪತ್ರೆ ನಲವತ್ತೈದು ಕಿಲೋಮೀಟರ್ ದೂರ. ಆಂಬುಲೆನ್ಸು ಇನ್ನೊಂದು ಊರಿನ ಕರೆಗೆ ಹೋಗಿತ್ತು. ನೇಕಾರ ಬೀದಿ ದಾಟಿ ಓಡಿಬಂದ.

"ಅಣ್ಣಾವ್ರೇ, ಕಾರು ಕೊಡಿ. ಬನಕ್ಕ ಬಿದ್ದುಬಿಟ್ಟಿದ್ದಾಳೆ."

ನಿಜ ವ್ಯಾಪಾರಿಯ ನಾಲಿಗೆಯ ತುದಿಗೆ ಬಂತು. ಆದರೆ ನೇಕಾರನ ಹಿಂದೆ ಏಳೆಂಟು ಜನ ಬಂದು ನಿಂತಿದ್ದರು. ಅವರ ಮುಖಗಳನ್ನು ನೋಡಿದ. ಬಂದ ಮಾತು ಒಳಗೆ ಹೋಯಿತು.

"ಇರು, ತೆಗೀತೀನಿ" ಎಂದು ಶೆಡ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎರಡು ತಿಂಗಳಿಂದ ಸತ್ತು ಬಿದ್ದ ಕಾರು. ಹೊರಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಕೂತು ಗುಂಡಿ ಒತ್ತಿದ. ಮನೆದೇವರಿಗೆ ಹರಕೆ ಹೊತ್ತು ಮತ್ತೆ ಒತ್ತಿದ. ಒಂದು ದೀಪವೂ ಹತ್ತಲಿಲ್ಲ. ಹೊರಗೆ ನೇಕಾರ ಬಾಗಿಲು ತಟ್ಟುತ್ತಿದ್ದ. ಒಳಗೆ ಅದು ಎಲ್ಲಿಯೋ ದೂರದಲ್ಲಿ ತಟ್ಟಿದಂತೆ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ ಅವನಿಗೇ ತಿಳಿಯಲಿಲ್ಲ. ಕಡೆಗೆ ಹೊರಗೆ ಬಂದ.

"ಕಾರು ಕೊಡೋಕಾಗಲ್ಲ" ಎಂದ.

"ಯಾಕಣ್ಣಾ?"

"ಆಗಲ್ಲ ಅಂದೆನಲ್ಲ."

ನೇಕಾರ ಅವನ ಕಾಲು ಹಿಡಿದುಕೊಂಡ. ಸೀಟು ಕೊಳೆಯಾಗದಂತೆ ಚಾಪೆ ಹಾಸಿಕೊಳ್ಳುತ್ತೇನೆ ಎಂದ. ತಾನು ಹತ್ತುವುದಿಲ್ಲ, ಅವಳನ್ನೊಬ್ಬಳನ್ನೇ ಮಲಗಿಸಿಕೊಂಡು ಹೋದರೆ ಸಾಕು ಎಂದ. ವ್ಯಾಪಾರಿ ಮುಖ ತಿರುಗಿಸಿ ನಿಂತ. ಗುಂಪಿನಲ್ಲಿದ್ದ ಒಬ್ಬ ಮುದುಕಿ, "ಎದ್ದೇಳೋ ಮಗಾ, ಕಲ್ಲಿನ ಕಾಲು ಹಿಡಿದು ಏನು ಪ್ರಯೋಜನ?" ಎಂದು ನೇಕಾರನನ್ನು ಎಬ್ಬಿಸಿದಳು. ಅವರು ಓಡಿಹೋಗಿ, ಈರುಳ್ಳಿ ಚೀಲ ಹೇರಿದ್ದ ಒಂದು ಟೆಂಪೋವನ್ನು ನಿಲ್ಲಿಸಿ, ಚೀಲಗಳನ್ನು ಬೀದಿಗೆ ಇಳಿಸಿ, ಬನಕ್ಕನನ್ನು ಮಲಗಿಸಿಕೊಂಡು ಹೊರಟರು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ಬನಕ್ಕ ಬದುಕಿದಳು. ಬಲಗೈ ಹೋಯಿತು, ಮಾತು ಹೋಯಿತು. ಸ್ವಲ್ಪ ಮುಂಚೆ ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ಅಲ್ಲಿನ ಡಾಕ್ಟರು ಹೇಳಿದ ಮಾತು ಊರಿಗೆಲ್ಲ ಹರಡಿತು.

ಜನ ವ್ಯಾಪಾರಿಯನ್ನು ಕಲ್ಲೆದೆಯವನು ಎಂದರು. ಅವನ ಮಂಡಿಯ ಮುಂದೆ ಹಾಯುವಾಗ ಉಗಿದು ಹೋದವರೂ ಉಂಟು. ಅವನಿಗೆ ನೋವಾಯಿತು. ಆದರೆ ತಾನು ಅಂಜಿದ್ದಷ್ಟು ಆಗಲಿಲ್ಲ. ಹೃದಯವಿಲ್ಲದವನು ಅಂದರು, ಓಡದ ಕಾರು ಇಟ್ಟುಕೊಂಡವನು ಅನ್ನಲಿಲ್ಲವಲ್ಲ ಎಂದು ಮನಸ್ಸು ಒಂದು ಕ್ಷಣ ಹಗುರಾಯಿತು. ಹಾಗೆ ಹಗುರಾದದ್ದು ಅವನಿಗೇ ಗೊತ್ತಾಯಿತು. ಅಂದಿನಿಂದ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವುದನ್ನು ಬಿಟ್ಟ.

ದೀಪಾವಳಿ ಕಳೆದ ಮೇಲೆ ಶೆಡ್ಡಿನಿಂದ ಕೆಟ್ಟ ವಾಸನೆ ಬರತೊಡಗಿತು. ಬೇರೆ ದಾರಿಯಿಲ್ಲದೆ, ಕಾರನ್ನು ಗುಜರಿಗೆ ಹಾಕಲೆಂದು ದಸ್ತಗೀರನನ್ನು ಕರೆಸಿದ. ಆತ ಬಾನೆಟ್ ಎತ್ತಿದ. ವೈರುಗಳ ನಡುವೆ ಇಲಿಗಳು ಗೂಡು ಕಟ್ಟಿ, ಮರಿ ಹಾಕಿ, ಸತ್ತಿದ್ದವು.

"ಇದು ಯಾವಾಗಿಂದ ನಿಂತಿದೆ ಸಾವ್ಕಾರ್ರೇ?"

"ಯುಗಾದಿಯಿಂದ."

ದಸ್ತಗೀರ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ. ಕೈ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದ.

"ಬನಕ್ಕ ಬಿದ್ದ ದಿನ ನನ್ನ ಗ್ಯಾರೇಜಿನಲ್ಲಿ ಮೂರು ಗಾಡಿ ರಿಪೇರಿ ಮುಗಿದು ನಿಂತಿದ್ವು" ಎಂದ. "ಕೀಲಿ ನನ್ನ ಜೇಬಲ್ಲೇ ಇತ್ತು. ಒಂದು ಮಾತು ಹೇಳಿಕಳಿಸಿದ್ರೆ ಐದು ನಿಮಿಷ."

ಬಾನೆಟ್ಟನ್ನು ಮೆಲ್ಲನೆ ಇಳಿಸಿ ಹೊರಟುಹೋದ.

ವ್ಯಾಪಾರಿ ಆ ದಿನ ಊಟ ಮಾಡಲಿಲ್ಲ. ಸಂಜೆ ಬೀದಿ ದಾಟಿ ನೇಕಾರನ ಮನೆಗೆ ಹೋದ. ಬನಕ್ಕ ಗೋಡೆಗೊರಗಿ ಕೂತು, ನೂಲಿನ ಸಿಕ್ಕನ್ನು ಎಡಗೈಯಿಂದ ಬಿಡಿಸುತ್ತಿದ್ದಳು. ನೇಕಾರ ಅವನನ್ನು ನೋಡಿಯೂ ಕೂರು ಎನ್ನಲಿಲ್ಲ. ಅವನು ಹೊಸ್ತಿಲಾಚೆ ನಿಂತೇ ಹೇಳಿದ.

"ಅವತ್ತು ಕಾರು ಕೆಟ್ಟಿತ್ತು. ಎರಡು ತಿಂಗಳಿಂದ ಕೆಟ್ಟಿತ್ತು. ಅದನ್ನು ಹೇಳೋಕೆ ನನಗೆ ನಾಚಿಕೆಯಾಯ್ತು."

ನೇಕಾರನಿಗೆ ಅದು ಒಮ್ಮೆಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖ ಬಿಳಿಚಿಕೊಂಡಿತು.

"ಓಡೋ ಹಾಗಿದ್ದಿದ್ರೆ ಕೊಡ್ತಿದ್ರಾ?"

"ನಾನೇ ಕರ್ಕೊಂಡು ಹೋಗ್ತಿದ್ದೆ."

"ಇಷ್ಟು ದಿನ ನಿಮ್ಮನ್ನು ಪಾಪಿ ಅಂತ ಬೈಕೊಂಡು ಹೆಂಗೋ ನಿದ್ದೆ ಮಾಡ್ತಿದ್ದೆ" ಎಂದ ನೇಕಾರ. "ಇಷ್ಟಕ್ಕಾ ಇವಳ ಕೈ ಹೋದದ್ದು? ಇನ್ನು ನಾನು ಏನಂದ್ಕೊಂಡು ಮಲಗಲಿ?"

ಆಗ ಬನಕ್ಕ ತಲೆಯೆತ್ತಿದಳು. ಅವನನ್ನೇ ನೋಡುತ್ತ, ಕಷ್ಟಪಟ್ಟು, ಸೊಟ್ಟ ಬಾಯಿಯಿಂದ ಏನನ್ನೋ ಹೇಳಿದಳು. ಉದ್ದವಾದ ಮಾತೇ ಇರಬೇಕು. ನಡುವೆ ಉಸಿರು ತೆಗೆದುಕೊಂಡು ಕಡೆಯವರೆಗೂ ಹೇಳಿದಳು. ಹೇಳಿ ಮುಗಿಸಿ ಮತ್ತೆ ನೂಲಿನ ಕಡೆಗೆ ಬಾಗಿದಳು.

"ತಂಗಿ ಏನಂದಳು?" ಎಂದು ವ್ಯಾಪಾರಿ ಕೇಳಿದ.

"ಗೊತ್ತಿಲ್ಲ" ಎಂದ ನೇಕಾರ. "ಅವಳ ಮಾತು ಈಗ ನನಗೂ ತಿಳಿಯಲ್ಲ."

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಮುಂದಿನದಕ್ಕೆ ಕಾದ.

"ಗುರುಗಳೇ, ಆಕೆ ಅವನನ್ನು ಕ್ಷಮಿಸಿದಳೋ, ಶಪಿಸಿದಳೋ? ಏನು ಹೇಳಿರಬಹುದು?"

"ಆಕೆಗೆ ನಾಲಿಗೆ ಹೊರಳುವುದಿಲ್ಲ, ನಿನಗೆ ಹೊರಳುತ್ತದೆ. ನೀನು ಮುಚ್ಚಿಟ್ಟಿರುವುದನ್ನು ಮೊದಲು ಹೇಳು" ಎಂದರು ಗುರುಗಳು.