ದಾವಲಸಾಬ ಮಗಳಿಗೆ ಕೊಟ್ಟ ಈಳಿಗೆ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ನಮ್ಮಜ್ಜಿಗೂ ಅದು ಗೊತ್ತಿರಲಿಲ್ಲ, ಎರೆಭೂಮಿಯ ಒಂದು ಊರಿನಲ್ಲಿ ಸಾಣೆ ಹಿಡಿಯುವ ದಾವಲಸಾಬ ಅನ್ನುವವನಿದ್ದ. ಹೆಗಲ ಮೇಲೆ ಸಾಣೆಯ ಗಾಲಿ, ಬಗಲ ಚೀಲದಲ್ಲಿ ಮೂರು ಕಲ್ಲು. ಕೊಡಲಿ ತಂದರೆ ಗಾಲಿ ತಿರುಗಿಸುತ್ತಿದ್ದ, ಕುಡುಗೋಲಿಗೆ ಒರಟು ಕಲ್ಲು, ಅಡುಗೆಮನೆಯ ಈಳಿಗೆಗೆ ಕರಿಕಲ್ಲು. ಮೂರನೆಯದು ಅವನಪ್ಪನಿಂದ ಬಂದ ನಯವಾದ ಹಸಿರು ಕಲ್ಲು. ಅದನ್ನು ಯಾವ ಊರಿನಲ್ಲೂ ಚೀಲದಿಂದ ಹೊರಗೆ ತೆಗೆದವನಲ್ಲ.

ಅವನು ಸಾಣೆ ಹಿಡಿದ ಈಳಿಗೆಯ ಮೇಲೆ ವೀಳ್ಯದೆಲೆ ಜಾರಿ ಬಿದ್ದರೆ ತಾನಾಗಿ ಎರಡಾಗುತ್ತಿತ್ತಂತೆ. ನೊಣ ಕೂತರೂ ಎರಡಾಗುತ್ತಿತ್ತು ಅನ್ನುವವರಿದ್ದಾರೆ. ನೊಣದ ಮಾತು ನಾನು ನಂಬುವುದಿಲ್ಲ.

ಹನ್ನೆರಡು ಹಳ್ಳಿಯ ಈಳಿಗೆ ಹರಿತ ಮಾಡುವವನ ಸ್ವಂತ ಮನೆಯ ಈಳಿಗೆ ಮಾತ್ರ ಶುದ್ಧ ಮೊಂಡು. ಹೆಂಡತಿ ಇಮಾಂಬಿ ದಿನಾ ಹೇಳುತ್ತಿದ್ದಳಂತೆ, ಅವನು ದಿನಾ ನಾಳೆ ಅನ್ನುತ್ತಿದ್ದನಂತೆ. ಹೇಳಿ ಹೇಳಿ ಸಾಕಾಗಿ ಅವಳು ಸುಮ್ಮನಾದಳು. ಒಬ್ಬಳೇ ಮಗಳು ಹುಸೇನಬಿ ಆ ಮೊಂಡು ಈಳಿಗೆಯ ಮುಂದೆಯೇ ಕೂತು ಹೆಚ್ಚಲು ಕಲಿತಳು. ಕುಂಬಳಕಾಯಿ ಇಟ್ಟರೆ ಎರಡೂ ಅಂಗೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತುತ್ತಿದ್ದಳು. ಹೆಚ್ಚುವುದೆಂದರೆ ಹಾಗೆಯೇ ಅಂತ ಅವಳು ತಿಳಿದಿದ್ದಳು. ಅಪ್ಪ ಊರೂರು ಅಲೆಯುವವನು, ಅವನಿಗೆ ಇದೆಲ್ಲ ಎಲ್ಲಿ ಗೊತ್ತು!

ಮಗಳ ಮದುವೆ ಆಯಿತು. ಬೀಗರು ಹೊಳೆಯಾಚೆಯವರು, ಒಳ್ಳೆಯ ಜನ. ದಾವಲಸಾಬ ಹೊಸ ಈಳಿಗೆ ತಂದ, ಹಸಿರು ಕಲ್ಲನ್ನು ಮೊದಲ ಸಲ ಹೊರಗೆ ತೆಗೆದ. ಮೂರು ದಿನ ತೀಡಿದನಂತೆ. ಅಷ್ಟು ಹರಿತದ ಈಳಿಗೆಯನ್ನು ಆ ಸೀಮೆ ಕಂಡಿರಲಿಲ್ಲವಂತೆ. ನನ್ನ ಮಗಳ ಕೈ ನೋಯಬಾರದು ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ, ಹೆಮ್ಮೆಯಿಂದ ಹಿಗ್ಗಿದ. ಪಾಪ, ಹಿಗ್ಗಲಿ ಬಿಡಿ, ಅವನ ಹಿಗ್ಗು ಅಷ್ಟಕ್ಕೇ ಮುಗಿಯಿತು.

ಗಂಡನ ಮನೆಯಲ್ಲಿ ಹುಸೇನಬಿ ಮೊದಲ ಸಲ ಅಡುಗೆಗೆ ಕೂತಳು. ಕುಂಬಳಕಾಯಿ ಇಟ್ಟು ತವರಿನ ರೂಢಿಯಂತೆ ಮೈಭಾರ ಬಿಟ್ಟು ಒತ್ತಿದಳು. ಕಾಯಿ ತಟ್ಟನೆ ಎರಡಾಯಿತು, ಅಂಗೈ ಅದೇ ಭಾರದಲ್ಲಿ ಅಲಗಿನ ಮೇಲೆ ಬಿತ್ತು. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ಎಂಟನೆಯ ದಿನ ದವಡೆ ಕಚ್ಚಿಕೊಂಡಿತು, ಧನುರ್ವಾಯು. ಸುದ್ದಿ ತಿಳಿದು ಅಪ್ಪ ಓಡಿ ಹೋಗುವಷ್ಟರಲ್ಲಿ ಮಗಳ ಮಣ್ಣಿಗೆ ಜನ ಸೇರಿದ್ದರು.

ಮಣ್ಣು ಮುಗಿದ ಮೇಲೆ ಹುಸೇನಬಿಯ ಅತ್ತೆ ಆ ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಸಮಾಧಾನಕ್ಕೆಂದೇ ಹೇಳಿದಳಂತೆ: "ಬೀಗರ, ನಿಮ್ಮ ಮಗಳದು ಏನೂ ತಪ್ಪಿಲ್ರಿ. ಒತ್ತಿ ಹೆಚ್ಚೂದು ಆಕಿ ರೂಢಿ ಇತ್ತು."

ದಾವಲಸಾಬನಿಗೆ ಆ ಮಾತು ಅರ್ಥವಾಗಲಿಲ್ಲ. ಮನೆಗೆ ಬಂದು ಮೊಂಡು ಈಳಿಗೆಯನ್ನೂ ಒಂದು ಕಾಯಿಯನ್ನೂ ಇಮಾಂಬಿಯ ಮುಂದಿಟ್ಟ. ಮಗಳು ಹೇಗೆ ಹೆಚ್ಚುತ್ತಿದ್ದಳು, ತೋರಿಸು ಅಂದ. ಅಳುತ್ತ ಕೂತಿದ್ದವಳು ಎದ್ದು ಬಂದು, ಎರಡೂ ಅಂಗೈ ಊರಿ ಒತ್ತಿ ತೋರಿಸಿದಳು. ಆಗ ಅವನು ನೋಡಿದ. ಮಗಳಿಗೆ ಹದಿನೇಳು ವರ್ಷ ತುಂಬಿತ್ತು, ಅವಳು ಹೆಚ್ಚುವುದನ್ನು ಅವನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡು ಅತ್ತನಂತೆ.

ಮುಂದೆಯೂ ಸಾಣೆ ಹಿಡಿದ, ಹೊಟ್ಟೆ ಕೇಳಬೇಕಲ್ಲ. ಆದರೆ ಯಾವ ಹೆಂಗಸು ಈಳಿಗೆ ತಂದರೂ ಮೊದಲು ಕೂರಿಸಿ ಹೆಚ್ಚಿಸುತ್ತಿದ್ದ. "ಕಲ್ಲು ಆಮ್ಯಾಲೆ ಆರಿಸ್ತೀನವ್ವ, ಮೊದಲ ನಿನ್ನ ಕೈ ನೋಡ್ತೀನಿ" ಅನ್ನುತ್ತಿದ್ದನಂತೆ. ಒತ್ತುವ ಕೈಗೆ ಒಂದು ಹದ, ಹಗುರ ಕೈಗೆ ಒಂದು ಹದ, ನಡುಗುವ ಮುದಿ ಕೈಗೆ ಇನ್ನೊಂದು. ಹಸಿರು ಕಲ್ಲನ್ನು ಹೊಳೆಗೆ ಎಸೆದನಂತೆ. ಮಗಳ ಗೋರಿಯ ತಲೆದೆಸೆಗೆ ಇಟ್ಟ ಅಂತಲೂ ಅಂತಾರೆ.

ಆ ಸೀಮೆಯಲ್ಲಿ ಇವತ್ತಿಗೂ, ಯಾವ ಜಾತಿಯವರೇ ಇರಲಿ, ಮಗಳನ್ನು ಗಂಡನ ಮನೆಗೆ ಕಳಿಸುವ ಹಿಂದಿನ ದಿನ ಅವಳ ಕೈಲಿ ಒಂದು ಕುಂಬಳಕಾಯಿ ಹೆಚ್ಚಿಸುತ್ತಾರೆ. ಅಪ್ಪ ಎದುರಿಗೆ ಕೂತು ನೋಡಬೇಕು. ಎಂಥ ಕೆಲಸವೇ ಕಾದಿರಲಿ, ಕೊನೆಯ ಹೋಳು ಬೀಳುವ ತನಕ ಅವನು ಎದ್ದು ಹೋಗುವಂತಿಲ್ಲ.