ಸದ್ದಿಲ್ಲದ ಕಾರು

"ಗುರುಗಳೇ, ದೊಡ್ಡವರು ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದವನಿಗೆ ತಪ್ಪು ತಟ್ಟುತ್ತದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಅವನ ಹೆಸರು ಗುರುಶಾಂತ. ಮಠದ ಉಚಿತ ವಿದ್ಯಾರ್ಥಿ ನಿಲಯವನ್ನು ನೋಡಿಕೊಳ್ಳುತ್ತಿದ್ದ. ನಿಲಯಕ್ಕೆ ಬೇಳೆ ದಾನ ಕೊಡುತ್ತಿದ್ದವರು ಊರಿನ ಗಿರಣಿಯ ಯಜಮಾನರು. ಈ ಸಲದ ಬೇಳೆಗೆ ಬೂಷ್ಟು ಹಿಡಿದಿದೆ, ಮಕ್ಕಳಿಗೆ ಹಾಕಬಾರದು ಎಂದು ಅಡುಗೆಯ ನೀಲವ್ವ ಬಂದವರ ಮುಂದೆಲ್ಲ ಹೇಳಿದ್ದಳು. ಅದು ಯಜಮಾನರ ಕಿವಿಗೆ ಬಿತ್ತು. ಅವರು ಮೂಟೆ ಬಿಚ್ಚಿಸಿ ನೋಡುವ ಗೋಜಿಗೆ ಹೋಗದೆ, ಆ ಹೆಂಗಸು ಅಡುಗೆಮನೆಯಲ್ಲಿ ಇರಕೂಡದು ಎಂದು ಹೇಳಿ ಕಳಿಸಿದರು. ಗುರುಶಾಂತ ಮೂಟೆ ಬಿಚ್ಚಿ ನೋಡಿದ್ದ. ಬೂಷ್ಟು ಇತ್ತು. ಆದರೂ ನೀಲವ್ವನನ್ನು ದನದ ಕೊಟ್ಟಿಗೆಯ ಕೆಲಸಕ್ಕೆ ಹಾಕಿ, ಅವಳ ಜಾಗಕ್ಕೆ ಮಾತು ಕಡಿಮೆಯ ಹೆಂಗಸೊಬ್ಬಳನ್ನು ತಂದ. ಬೇಳೆಯ ಮೂಟೆ ಅಲ್ಲೇ ಉಳಿಯಿತು. ಇದನ್ನೆಲ್ಲ ಅವನೇ ಗುರುಗಳಿಗೆ ಹೇಳಿದ. ಈಗ ಅಡುಗೆಮನೆ ಶಾಂತವಾಗಿದೆ ಎಂದೂ ಸೇರಿಸಿದ.

ಗುರುಗಳ ಮುಖ ಕೆಂಪೇರಿತು. ಅದಕ್ಕೆಲ್ಲ ಶಾಂತಿ ಎಂದು ಹೆಸರಿಡಬೇಡ ಎಂದರು. ಆಮೇಲೆ ಕತೆ ಹೇಳತೊಡಗಿದರು.

ಒಬ್ಬ ಬಟ್ಟೆ ವರ್ತಕನಿದ್ದ. ಅವನದೊಂದು ಹಳೆಯ ಕಾರು. ಅದರ ಇಂಜಿನ್ನಿನಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ವೇಗ ಏರಿಸಿದರೆ ಸದ್ದೂ ಬಿರುಸಾಗುತ್ತಿತ್ತು. ವರ್ತಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೀಗರ ಮನೆಯ ನಾಮಕರಣಕ್ಕೆ ಹೋದಾಗ ಬೀಗರು ಎಲ್ಲರ ಎದುರು, ಏನು ವರ್ತಕರೇ, ದಾರಿಯುದ್ದಕ್ಕೂ ಮಿಷನ್ನಿನಲ್ಲಿ ಬಟ್ಟೆ ಹೊಲಿಯುತ್ತಲೇ ಬಂದಿರಾ ಎಂದು ಕೇಳಿದರು. ಕೂತವರೆಲ್ಲ ನಕ್ಕರು. ಕಾರು ಕೆಟ್ಟಾಗ ಎಚ್ಚರಗೊಳ್ಳದ ಮನುಷ್ಯ ನಾಲ್ಕು ಜನ ನಕ್ಕಾಗ ಎಚ್ಚರಗೊಂಡ. ಮರುದಿನ ಬೆಳಗಾಗುತ್ತಲೇ ಮೆಕ್ಯಾನಿಕ್ಕನ ಬಳಿ ಹೋದ.

ಮೆಕ್ಯಾನಿಕ್ ಕೆಲಸ ಬಲ್ಲವನು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಕೆಳಗೆ ಆಲಿಸಿದ, ಪಕ್ಕದಲ್ಲಿ ಆಲಿಸಿದ. ಮೇಲಿನ ಮುಚ್ಚಳಕ್ಕೆ ಬಂದಾಗ ಸದ್ದಿನ ಮೂಲ ಸಿಕ್ಕಿತು. ಆಯಿಲ್ ನೋಡಿದ, ಅದು ಸರಿಯಾಗಿಯೇ ಇತ್ತು. ಇಂಜಿನ್ ಆರಿದ ಮೇಲೆ ಮುಚ್ಚಳ ಬಿಚ್ಚಿದ. ಅದರೊಳಗೆ ಇಂಜಿನ್ನಿನ ಬಾಯಿಗಳನ್ನು ಮುಚ್ಚುವ ವಾಲ್ವುಗಳೂ ಅವನ್ನು ಒತ್ತಿ ತೆರೆಯುವ ಟ್ಯಾಪೆಟ್ಟುಗಳೂ ಇರುತ್ತವೆ. ವಾಲ್ವಿಗೂ ಟ್ಯಾಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರಬೇಕು. ಕಾದ ಲೋಹ ಹಿಗ್ಗುತ್ತದೆ, ಹಿಗ್ಗಲು ಅದಕ್ಕೆ ಆ ಜಾಗ ಬೇಕು. ಒಂದು ಕಡೆ ಸಂದು ಅತಿಯಾಗಿ ಎರಡೂ ಬಡಿದುಕೊಳ್ಳುತ್ತಿದ್ದವು. ಮೆಕ್ಯಾನಿಕ್ ಅದನ್ನು ಅಳತೆಗೆ ತಂದ. ದೊಡ್ಡ ಸದ್ದು ನಿಂತು, ಕಿವಿಗೊಟ್ಟರೆ ಮಾತ್ರ ಕೇಳುವ ಸಣ್ಣ ಸದ್ದು ಉಳಿಯಿತು. ಅದು ಆರೋಗ್ಯವಂತ ಇಂಜಿನ್ನಿನ ಸದ್ದು.

ವರ್ತಕ ಕಿವಿಗೊಟ್ಟು ಕೇಳಿದ. ಇನ್ನೂ ಇದೆಯಲ್ಲ ಎಂದ. ಇಷ್ಟು ಇರಬೇಕು ಎಂದ ಮೆಕ್ಯಾನಿಕ್. ಏಕೆ ಇರಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ವರ್ತಕನಿಗೆ ಬೀಗರ ನಗು ನೆನಪಾಗಿ ಸಿಟ್ಟು ಬಂತು.

"ಬೀಗರ ಕಾರು ಒಂದೀಟೂ ಸಪ್ಪಳ ಮಾಡಂಗಿಲ್ಲ. ನಂದೂ ಹಂಗ ಇರಬೇಕು. ನಿನ್ನ ಕೈಲೆ ಆಗೂದಿಲ್ಲ ಅಂದ್ರ ಹೇಳು, ನಮ್ಮ ಮಂದೀ ಗಾಡಿ ಎಲ್ಲಾ ಬ್ಯಾರೆ ಕಡೆ ಹೋಗ್ತಾವ."

"ಆಗ್ತದ್ರಿ" ಎಂದ ಮೆಕ್ಯಾನಿಕ್.

ಆ ಒಂದು ಮಾತು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಂದು ಮುಚ್ಚಿದರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸ್ಪ್ಯಾನರ್ ಎತ್ತಿಕೊಂಡು ಎಲ್ಲ ಟ್ಯಾಪೆಟ್ಟುಗಳನ್ನೂ ಬಿಗಿದ. ಸದ್ದು ಪೂರಾ ನಿಂತಿತು. ವರ್ತಕನ ಸಂತೋಷ ಹೇಳತೀರದು. ಅಂಗಡಿಯಿಂದ ಶಾಲು ತರಿಸಿ ಮೆಕ್ಯಾನಿಕ್ಕನ ಹೆಗಲಿಗೆ ಹೊದಿಸಿದ. ಆ ನಾಚಿಕೆಗೆಟ್ಟವನು ಬಗ್ಗಿ ಹೊದಿಸಿಕೊಂಡ. ಗ್ರೀಸು ಮೆತ್ತಿದ ಬೆರಳಿನಲ್ಲಿ ಅದರ ಅಂಚನ್ನೂ ಸವರಿ ನೋಡಿದ.

ಇಂಜಿನ್ ಕಾದಾಗಲೆಲ್ಲ ವಾಲ್ವುಗಳಿಗೆ ಪೂರ್ತಿ ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಅರೆತೆರೆದ ಬಾಯಿಗೆ ಒಳಗಿನ ಉರಿ ತಾಗಿ ತಾಗಿ ಅವುಗಳ ಅಂಚು ಸುಟ್ಟುಹೋಯಿತು. ಕಾರಿನ ಕಸುವು ಕುಂದುತ್ತ ಬಂತು. ಊರೊಳಗಿನ ಸಪಾಟು ರಸ್ತೆಯಲ್ಲಿ ಅದು ಅಷ್ಟಾಗಿ ತಿಳಿಯಲಿಲ್ಲ. ವರ್ತಕ ಸದ್ದಿಲ್ಲ ಎಂಬ ಸಂತೋಷದಲ್ಲೇ ತಿರುಗಾಡುತ್ತಿದ್ದ.

ಒಂದು ದಿನ ಅವನ ಪುಟ್ಟ ಮೊಮ್ಮಗಳು ಅಂಗಡಿಯಲ್ಲಿ ಆಡುತ್ತ ಅಂಗಿಯ ಗುಂಡಿಯೊಂದನ್ನು ಬಾಯಿಗೆ ಹಾಕಿಕೊಂಡಳು. ಅದು ಉಸಿರಿನ ದಾರಿಯಲ್ಲಿ ಸಿಕ್ಕಿಕೊಂಡು, ಉಸಿರು ಅರ್ಧಂಬರ್ಧ ಆಡತೊಡಗಿತು. ಊರಿನ ವೈದ್ಯರು ಪ್ರಯತ್ನಿಸಿ ನೋಡಿ, ಗುಡ್ಡದಾಚೆಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ತಡ ಮಾಡಬೇಡಿ ಎಂದರು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕಾರಿನಲ್ಲಿ ಹೊರಟರು. ಅರ್ಧ ಏರಿನಲ್ಲಿ ಕಾರು ನಡುಗಿ ನಿಂತುಬಿಟ್ಟಿತು. ಮಗುವಿನ ತುಟಿ ನೀಲಿಯಾಗುತ್ತಿತ್ತು. ವರ್ತಕ ಇಳಿದು ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತ. ಈರುಳ್ಳಿ ತುಂಬಿದ ಲಾರಿಯೊಂದು ಬಂತು. ಅದರ ಡ್ರೈವರ್ ಅವರನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ. ಮಗು ಉಳಿಯಿತು.

ವರ್ತಕ ಊರಿಗೆ ಮರಳಿ ಮೆಕ್ಯಾನಿಕ್ಕನ ಕೊರಳಪಟ್ಟಿ ಹಿಡಿದ. ನೀವು ಹೇಳಿದ್ದನ್ನೇ ಮಾಡಿದ್ದೇನೆ, ನನ್ನದೇನು ತಪ್ಪು ಎಂದು ಮೆಕ್ಯಾನಿಕ್ ತಣ್ಣಗೆ ಕೇಳಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಗುರುಶಾಂತನಿಗೆ ಸಮಾಧಾನವಾದಂತೆ ಕಂಡಿತು. ಹಟ ಹಿಡಿದವನು ವರ್ತಕ, ಮೆಕ್ಯಾನಿಕ್ಕನ ಮಾತಿನಲ್ಲೂ ನ್ಯಾಯವಿದೆ ಎಂದ. ಹೇಗೂ ಮಗು ಉಳಿಯಿತಲ್ಲ ಎಂದ.

"ಉಳಿಸಿದ್ದು ಲಾರಿ. ಆ ಲಾರಿಯನ್ನು ಮೆಕ್ಯಾನಿಕ್ ಕಳಿಸಿದ್ದನೇ?" ಗುರುಗಳ ದನಿ ಏರಿತು. "ವರ್ತಕನಿಗೆ ಟ್ಯಾಪೆಟ್ ಎಂದರೆ ಏನೆಂದೇ ತಿಳಿಯದು. ತಿಳಿದವನು ಅಲ್ಲಿ ಒಬ್ಬನೇ ಇದ್ದ. ಬಾಯಿ ಬಿಟ್ಟಿದ್ದರೆ ಅವನ ಗಿರಾಕಿಗಳು ಹೋಗುತ್ತಿದ್ದರು, ಅಷ್ಟೇ. ಅವರನ್ನು ಉಳಿಸಿಕೊಳ್ಳಲು ಇನ್ನೊಬ್ಬರ ಕೂಸನ್ನು ಗುಡ್ಡ ಹತ್ತಿಸಿದ. ಆಮೇಲೆ ಹೇಳಿದ್ದನ್ನೇ ಮಾಡಿದೆ ಅನ್ನುತ್ತಾನೆ, ಖದೀಮ."

ಗುರುಗಳ ಸಿಟ್ಟು ಗುರುಶಾಂತನಿಗೂ ತಗುಲಿತು. ಹೌದು, ಅಂಥವನ ಕೈಗೆ ಇನ್ನು ಯಾರೂ ಗಾಡಿ ಒಪ್ಪಿಸಬಾರದು ಎಂದು ಅವನೂ ಗಟ್ಟಿಯಾಗಿ ಹೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಇವತ್ತು ಮಧ್ಯಾಹ್ನ ಮಕ್ಕಳಿಗೆ ಏನು ಬಡಿಸಿದೆ?"